ಟೈಮ್‌ಶೇರ್ ಸದಸ್ಯರಿಗೆ ಡಿಸ್ನಿ ಟಿಕೆಟ್ ರಿಯಾಯಿತಿ: ಹಕ್ಕೋ, ಕೊಸರೋ?

ಪ್ರಶ್ನೆ: ನಾವು ಅಟ್ಲಾಂಟಾದಲ್ಲಿದ್ದೇವೆ. 2018ರಲ್ಲಿ ಡಿಸ್ನಿಯ ಟೈಮ್‌ಶೇರ್ (ರೆಸಾರ್ಟ್ ಕೋಣೆಯನ್ನು ವರ್ಷಕ್ಕೆ ಕೆಲವು ರಾತ್ರಿ ಬಳಸುವ ಪಾಲು) ಆದ ಡಿಸ್ನಿ ವೆಕೇಷನ್ ಕ್ಲಬ್‌ನ 200 ಪಾಯಿಂಟ್ ಕಂಪನಿಯಿಂದಲೇ ನೇರವಾಗಿ ಕೊಂಡೆವು. ವರ್ಷ ವರ್ಷ ನಿರ್ವಹಣಾ ಶುಲ್ಕ ಕಟ್ಟುತ್ತಾ ಬಂದಿದ್ದೇವೆ. ಕಾರಿನಲ್ಲೇ ಫ್ಲಾರಿಡಾಕ್ಕೆ ಹೋಗಿಬರುತ್ತೇವೆ. ಈಚೆಗೆ ಏರ್‌ಪೋರ್ಟ್ ಬಸ್ ಹೋಯಿತು, ಸವಾರಿಗಳಿಗೆ ಉದ್ದ ಸಾಲು ತಪ್ಪಿಸುವ ಪುಕ್ಕಟೆ ಫಾಸ್ಟ್‌ಪಾಸ್ ಹೋಯಿತು, ಸದಸ್ಯರ ಸವಲತ್ತುಗಳಿಗೆ ಷರತ್ತು ಬಿಗಿಯಾಯಿತು. ಪಾರ್ಕ್ ಟಿಕೆಟ್ ಬೆಲೆ ಮಾತ್ರ ಏರುತ್ತಲೇ ಇದೆ. ಡಿಸೆಂಬರ್‌ನಲ್ಲಿ ಮೈಸೂರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ನಾವಿಬ್ಬರು, 11 ಮತ್ತು 6 ವರ್ಷದ ಮಕ್ಕಳು, ಒಟ್ಟು ಆರು ಜನ. ಇಷ್ಟೆಲ್ಲ ಕಿತ್ತುಕೊಂಡ ಮೇಲೆ ಸದಸ್ಯರಿಗೆ ಟಿಕೆಟ್ಟಿನಲ್ಲಾದರೂ ರಿಯಾಯಿತಿ ಕೊಡುವುದು ನ್ಯಾಯವಲ್ಲವೆ? ಕೇಳುವುದು ಹೇಗೆ?

ಉತ್ತರ: ಕೇಳುವುದರಲ್ಲಿ ತಪ್ಪಿಲ್ಲ. ಆದರೆ ‘ಶುಲ್ಕ ಕಟ್ಟುತ್ತಿದ್ದೇವೆ, ಆದ್ದರಿಂದ ಟಿಕೆಟ್ ಅಗ್ಗವಾಗಿ ಕೊಡಿ’ ಎಂಬ ವಾದ ಹಿಡಿದು ಹೋದರೆ ಮೊದಲ ಮಾತಿಗೇ ಬಾಗಿಲು ಮುಚ್ಚುತ್ತದೆ. ಆ ಹಣಕ್ಕೂ ಪಾರ್ಕಿನ ಗೇಟಿಗೂ ಸಂಬಂಧವೇ ಇಲ್ಲ. ಗಟ್ಟಿಯಾದ ವಾದ ಬೇರೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೀವು ಕೊಂಡದ್ದು ಏನನ್ನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳೋಣ.

ನಿಮ್ಮ ಕೈಯಲ್ಲಿರುವ ಪತ್ರ ಒಂದು ನಿರ್ದಿಷ್ಟ ರೆಸಾರ್ಟಿನ ಸಣ್ಣ ಪಾಲಿನದು. ಅದಕ್ಕೆ ಮುಗಿಯುವ ವರ್ಷವೂ ಇದೆ. ಬೋರ್ಡ್‌ವಾಕ್, ಬೀಚ್ ಕ್ಲಬ್‌ನಂಥ ಹಳೆಯ ರೆಸಾರ್ಟ್‌ಗಳದು 2042ಕ್ಕೆ ಮುಗಿಯುತ್ತದೆ, ಕಾಪರ್ ಕ್ರೀಕ್‌ನದು 2068ಕ್ಕೆ, ರಿವಿಯೆರಾದ್ದು 2070ಕ್ಕೆ. ಪಾಯಿಂಟ್ ಎಂಬುದು ಆ ಪಾಲನ್ನು ರಾತ್ರಿಗಳಾಗಿ ಬಿಡಿಸಿಕೊಳ್ಳುವ ಚಿಲ್ಲರೆ. ತವರು ರೆಸಾರ್ಟಿನಲ್ಲಿ, ಅಂದರೆ ನಿಮ್ಮ ಪಾಲಿರುವ ರೆಸಾರ್ಟಿನಲ್ಲಿ, 11 ತಿಂಗಳು ಮೊದಲೇ, ಉಳಿದ ಕಡೆ 7 ತಿಂಗಳು ಮೊದಲು ಕೋಣೆ ಹಿಡಿಯುವುದು, ಈ ವರ್ಷದ ಪಾಯಿಂಟನ್ನು ಮುಂದಿನ ವರ್ಷಕ್ಕೆ ದಾಟಿಸುವುದು, ಮುಂದಿನ ವರ್ಷದ್ದನ್ನು ಈಗಲೇ ಎಳೆದುಕೊಳ್ಳುವುದು, ಇವೇ ನಿಮ್ಮ ಹಕ್ಕಿನ ತಿರುಳು. ವಾರ್ಷಿಕ ಶುಲ್ಕ ಸೇರುವುದು ರೆಸಾರ್ಟಿನ ಮಾಲೀಕರ ಸಂಘದ ಲೆಕ್ಕಕ್ಕೆ. ಕೋಣೆ ಶುಚಿ ಮಾಡುವವರ ಸಂಬಳ, ವಿದ್ಯುತ್ತು, ಈಜುಕೊಳದ ಉಸ್ತುವಾರಿ, ಮುಂದೊಂದು ದಿನ ಸೋಫಾ, ಚಾವಣಿ ಬದಲಿಸಲು ಕೂಡಿಡುವ ನಿಧಿ, ಆಸ್ತಿ ತೆರಿಗೆ, ಪಾರ್ಕಿಗೆ ಕರೆದೊಯ್ಯುವ ಬಸ್ಸಿನ ಖರ್ಚು ಎಲ್ಲ ಅದರಲ್ಲೇ. ಬಸ್ಸು ಪಾರ್ಕಿನ ಬಾಗಿಲವರೆಗೆ ತಂದು ಬಿಡುತ್ತದೆ. ಬಾಗಿಲು ದಾಟಿದ ಮೇಲಿನದು ಬೇರೆಯದೇ ಅಂಗಡಿ.

ಹಾಗಾದರೆ ಊಟದ ಮೇಲಿನ ರಿಯಾಯಿತಿ, ಅಂಗಡಿಯ ರಿಯಾಯಿತಿ, ವರ್ಷದ ಪಾಸು, ಸದಸ್ಯರಿಗೆಂದೇ ನಡೆಯುವ ರಾತ್ರಿ ಕಾರ್ಯಕ್ರಮ, ಇವೆಲ್ಲ ಏನು? ಸಂತೆಯಲ್ಲಿ ಒಂದು ಸೇರು ಕಡಲೆಕಾಯಿ ಅಳೆದ ಮೇಲೆ ಮೇಲೊಂದು ಹಿಡಿ ಹಾಕುತ್ತಾರಲ್ಲ, ಆ ಕೊಸರು. ಕಡಲೆಕಾಯಿ ಸೇರಿಗೆ ಕಡಿಮೆ ಬಂದರೆ ಜಗಳ ಮಾಡಬಹುದು. ಕೊಸರು ಹಾಕದವನ ಮೇಲೆ ಜಗಳವಿಲ್ಲ, ಮುಂದಿನ ವಾರ ಬೇರೆ ಅಂಗಡಿಗೆ ಹೋಗಬಹುದು ಅಷ್ಟೆ. ಫ್ಲಾರಿಡಾದ ಟೈಮ್‌ಶೇರ್ ಕಾನೂನು, ಅಂದರೆ ರಾಜ್ಯ ಶಾಸನಗಳ 721ನೇ ಅಧ್ಯಾಯ, ಈ ವ್ಯತ್ಯಾಸವನ್ನು ಬರೆದೇ ಇಟ್ಟಿದೆ. ಇಂಥ ಸವಲತ್ತುಗಳನ್ನು ಅದರ 721.075ನೇ ವಿಧಿ ‘ಆನುಷಂಗಿಕ ಪ್ರಯೋಜನ’ ಎಂದು ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಬಳಸುವುದು ಬಿಡುವುದು ಕೊಂಡವರ ಇಷ್ಟ, ಅದರ ಖರ್ಚನ್ನು ಸಂಘದ ಸಾಮಾನ್ಯ ವೆಚ್ಚಕ್ಕೆ ಸೇರಿಸುವಂತಿಲ್ಲ, ಅದು ನಿಂತರೂ ಕೋಣೆ ಬಳಸುವ ಹಕ್ಕಿಗೆ ಏನೂ ಆಗಬಾರದು. ಎರಡನೆಯದನ್ನು ಇನ್ನೊಮ್ಮೆ ಓದಿಕೊಳ್ಳಿ. ನಿಮ್ಮ ಶುಲ್ಕದಿಂದ ಟಿಕೆಟ್ ರಿಯಾಯಿತಿ ಕೊಡುವುದನ್ನು ಕಾನೂನೇ ತಡೆದಿದೆ. ಕೊಟ್ಟರೆ ಕಂಪನಿ ತನ್ನ ಮಾರಾಟದ ಜೇಬಿನಿಂದ ಕೊಡಬೇಕು, ತನಗೆ ಲಾಭವೆನಿಸಿದಾಗ ಕೊಡುತ್ತದೆ.

ಮಾರಾಟದ ಜೇಬಿನಿಂದ ಅದು ಧಾರಾಳವಾಗಿ ಕೊಟ್ಟ ಕಾಲವೂ ಇತ್ತು. 1991ರಲ್ಲಿ ಕ್ಲಬ್ ಶುರುವಾದಾಗ ಇದ್ದದ್ದು ಒಂದೇ ರೆಸಾರ್ಟ್, ಈಗ ಓಲ್ಡ್ ಕೀ ವೆಸ್ಟ್ ಎನ್ನುವುದು. ಹೊಸ ಸರಕು, ಕೊಳ್ಳುವವರಿಗೆ ಅನುಮಾನ. ಆರಂಭದ ವರ್ಷಗಳಲ್ಲಿ ಸೇರಿದವರಿಗೆ ತಂಗಿದಷ್ಟು ದಿನ ಪಾರ್ಕ್ ಪ್ರವೇಶ ಉಚಿತವಿತ್ತು. ಆದರೆ ಅದಕ್ಕೆ 1999ರ ಕೊನೆ ಎಂಬ ಗಡುವನ್ನು ಮೊದಲೇ ಗೊತ್ತುಮಾಡಿದ್ದರು. ‘ಮೊದಲು ಟಿಕೆಟ್ ಪುಕ್ಕಟೆ ಇತ್ತು, ಈಗ ಕಿತ್ತುಕೊಂಡರು’ ಎಂದು ಇಂದಿಗೂ ಹೇಳುವವರು ಆ ಗಡುವನ್ನು ಮರೆತಿರುತ್ತಾರೆ.

ಆಮೇಲಿನ ಕಡಿತಗಳಿಗೆ ಬೇರೆಯೇ ಗುರಿ. 2011ರ ಮಾರ್ಚ್ 21ರ ನಂತರ ಹೊರಗಿನ ಮಾರುಕಟ್ಟೆಯಲ್ಲಿ, ಹಳೆಯ ಸದಸ್ಯರಿಂದ, ಪಾಯಿಂಟ್ ಕೊಂಡವರು ಅದನ್ನು ಡಿಸ್ನಿ ಹಡಗಿಗೋ ಕ್ಲಬ್ಬಿನ ಹೊರಗಿನ ಡಿಸ್ನಿ ಹೋಟೆಲಿಗೋ ಬಳಸುವಂತಿಲ್ಲ ಎಂದಾಯಿತು. 2016ರ ಏಪ್ರಿಲ್ 4ರ ನಂತರ ಹಾಗೆ ಕೊಂಡವರಿಗೆ ರಿಯಾಯಿತಿಗಳೂ ಇಲ್ಲವಾದವು. ಸದಸ್ಯರ ಬಾಯಲ್ಲಿ ಇದು ‘ನೀಲಿ ಕಾರ್ಡ್, ಬಿಳಿ ಕಾರ್ಡ್’ ಭೇದ: ರಿಯಾಯಿತಿ ಇರುವವರು ನೀಲಿ, ಇಲ್ಲದವರು ಬಿಳಿ. 2019ರ ಜನವರಿ 19ರ ನಂತರ ಮೊದಲ 14 ರೆಸಾರ್ಟ್‌ಗಳ ಪಾಯಿಂಟನ್ನು ಹೊರಗೆ ಕೊಂಡವರು ರಿವಿಯೆರಾ ಮತ್ತು ಅದರ ಮುಂದಿನ ಹೊಸ ರೆಸಾರ್ಟ್‌ಗಳಲ್ಲಿ ಕೋಣೆ ಹಿಡಿಯುವಂತಿಲ್ಲ. ನೇರವಾಗಿ ಕೊಂಡು ನೀಲಿ ಕಾರ್ಡ್ ಪಡೆಯಲು ಬೇಕಾದ ಕನಿಷ್ಠ ಪಾಯಿಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ 2021ರಲ್ಲಿ 150ಕ್ಕೆ ತಂದರು.

ನಿಮ್ಮ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಜರಡಿ ಹಿಡಿಯಿರಿ. ಏರ್‌ಪೋರ್ಟ್ ಬಸ್ 2022ರ ಆರಂಭಕ್ಕೆ ನಿಂತದ್ದು ಡಿಸ್ನಿ ಹೋಟೆಲ್‌ಗಳಲ್ಲಿ ತಂಗುವ ಎಲ್ಲರಿಗೂ. ಅಟ್ಲಾಂಟಾದಿಂದ ಕಾರಿನಲ್ಲಿ ಬರುವ ನಿಮಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪುಕ್ಕಟೆ ಫಾಸ್ಟ್‌ಪಾಸ್ ಹೋಗಿ 2021ರ ಅಕ್ಟೋಬರ್‌ನಲ್ಲಿ 15 ಡಾಲರಿನ ಜೀನೀ ಪ್ಲಸ್ ಬಂದದ್ದೂ, ಅದು 2024ರಲ್ಲಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆದದ್ದೂ ಊರಿಗೆಲ್ಲ ಬಿದ್ದ ಬರೆ. ಸದಸ್ಯರಿಗೆಂದೇ ಬಂದ ಷರತ್ತುಗಳಲ್ಲಿ 200 ಪಾಯಿಂಟ್ ನೇರವಾಗಿ ಕೊಂಡಿರುವ ನಿಮಗೆ ಇಂದು ತಟ್ಟುವುದು ಒಂದೂ ಇಲ್ಲ. ತಟ್ಟುವುದು ಮಾರುವ ದಿನ. ನಿಮ್ಮಿಂದ ಕೊಳ್ಳುವವನಿಗೆ ರಿಯಾಯಿತಿಯೂ ಇಲ್ಲ, ಹೊಸ ರೆಸಾರ್ಟೂ ಇಲ್ಲ, ಆದ್ದರಿಂದ ಅವನು ಕೊಡುವ ಬೆಲೆಯೂ ಕಡಿಮೆ. ನನ್ನ ಮಟ್ಟಿಗೆ ನಿಮ್ಮ ನಿಜವಾದ ನಷ್ಟ ಇದು. ಇದರ ಬಗ್ಗೆ ಯಾರೂ ಅಷ್ಟಾಗಿ ದನಿ ಎತ್ತುವುದಿಲ್ಲ, ಏಕೆಂದರೆ ಈ ವರ್ಷದ ಬಿಲ್ಲಿನಲ್ಲಿ ಅದು ಕಾಣುವುದಿಲ್ಲ.

ಇನ್ನೊಂದು ಇರಿಸುಮುರಿಸಿನ ಮಾತಿದೆ. ‘ಶುಲ್ಕ ಕಟ್ಟುತ್ತೇವೆ’ ಎಂಬುದೇ ಅರ್ಹತೆಯಾದರೆ ಬಿಳಿ ಕಾರ್ಡಿನವರಿಗೂ ಅದೇ ರಿಯಾಯಿತಿ ಸಲ್ಲಬೇಕು. ಒಂದೇ ರೆಸಾರ್ಟಿನಲ್ಲಿ ಪಾಯಿಂಟಿಗೆ ನೀವೆಷ್ಟು ಕಟ್ಟುತ್ತೀರೋ ಅವರೂ ಅಷ್ಟೇ ಕಟ್ಟುತ್ತಾರೆ, ಸೆಂಟಿನಷ್ಟೂ ಕಡಿಮೆಯಿಲ್ಲ. ನೇರವಾಗಿ ಕೊಂಡ ಸದಸ್ಯರು ರಿಯಾಯಿತಿ ಕೇಳುವಾಗ ಇದನ್ನು ಒಪ್ಪುವುದು ಅಪರೂಪ.

ಒಪ್ಪಂದದ ಒಳಗಿನ ವಿಷಯದಲ್ಲಿ ಸದಸ್ಯರ ದನಿಗೆ ತೂಕವಿದೆ ಎಂಬುದಕ್ಕೂ ಉದಾಹರಣೆ ಇದೆ. 2020ಕ್ಕೆಂದು 2018ರ ಕೊನೆಯಲ್ಲಿ ಹೊರಬಿಟ್ಟ ಪಾಯಿಂಟ್ ಪಟ್ಟಿಯಲ್ಲಿ ಕೆಲವು ಕೋಣೆಗಳಿಗೆ ಹೆಚ್ಚು ಪಾಯಿಂಟ್ ಬೀಳುವಂತಿತ್ತು. ಸದಸ್ಯರು ಒಪ್ಪಂದದ ಸಾಲುಗಳನ್ನೇ ಮುಂದಿಟ್ಟು ಪ್ರಶ್ನಿಸಿದರು. 2019ರ ಜನವರಿಯಲ್ಲಿ ಕಂಪನಿ ಆ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಟಿಕೆಟ್ಟಿನ ವಿಷಯದಲ್ಲಿ ಅಂಥ ಹಿಡಿ ನಿಮ್ಮ ಕೈಗೆ ಸಿಗುವುದು ಒಂದೇ ಸಂದರ್ಭದಲ್ಲಿ: ಕೊಳ್ಳುವಾಗ ಸಹಿ ಮಾಡಿದ ಕಾಗದದಲ್ಲಿ ಇಂಥ ರಿಯಾಯಿತಿ ಇಂಥ ದಿನದವರೆಗೆ ಎಂದು ಬರೆದಿದ್ದು, ಅದಕ್ಕೆ ಮೊದಲೇ ನಿಲ್ಲಿಸಿದ್ದರೆ. ಒಂದು ಸಂಜೆ ಕುಳಿತು ಖರೀದಿ ಒಪ್ಪಂದ, ಸಾರ್ವಜನಿಕ ಕೊಡುಗೆಯ (ಪಬ್ಲಿಕ್ ಆಫರಿಂಗ್ ಸ್ಟೇಟ್‌ಮೆಂಟ್) ದಪ್ಪ ಪುಸ್ತಕ, ಮತ್ತು ಸವಲತ್ತುಗಳ ಬಗ್ಗೆ ಸಹಿ ಮಾಡಿದ ಒಂದೆರಡು ಹಾಳೆ, ಈ ಮೂರನ್ನೂ ತೆಗೆದು ನೋಡಿ. ‘ಯಾವಾಗ ಬೇಕಾದರೂ ಬದಲಾಗಬಹುದು, ನಿಲ್ಲಬಹುದು’ ಎಂಬ ಸಾಲು ಬಹುತೇಕ ಇರುತ್ತದೆ, ಅದರ ಕೆಳಗೆ ನಿಮ್ಮ ಸಹಿಯೂ ಇರುತ್ತದೆ.

ಈಗ ಗಟ್ಟಿಯಾದ ವಾದಕ್ಕೆ ಬರುತ್ತೇನೆ. ಡಿಸ್ನಿ ಟಿಕೆಟ್ಟನ್ನು ಯಾರಿಗೆ ಅಗ್ಗವಾಗಿ ಕೊಡುತ್ತದೆ ನೋಡಿ. ಫ್ಲಾರಿಡಾ ನಿವಾಸಿಗಳಿಗೆ ಪ್ರತಿ ವರ್ಷ ಮೂರು ನಾಲ್ಕು ದಿನದ ಟಿಕೆಟ್ಟಿನ ಕೊಡುಗೆ ಬರುತ್ತದೆ. ಸೈನಿಕರಿಗೂ ಇದೆ. ಸೈನಿಕರಿಗೆ ಕೊಡುವುದರ ಹಿಂದೆ ಗೌರವದ ಮಾತಿದೆ ಎನ್ನೋಣ. ಫ್ಲಾರಿಡಾದವರಿಗೆ ಕೊಡುವುದು ಶುದ್ಧ ವ್ಯಾಪಾರ. ಪಕ್ಕದಲ್ಲೇ ಇರುವವನು ಈ ವಾರಾಂತ್ಯ ಪಾರ್ಕಿಗೆ ಹೋಗಲೋ ಸಮುದ್ರಕ್ಕೆ ಹೋಗಲೋ ಎಂದು ಆ ಹೊತ್ತಿಗೆ ತೀರ್ಮಾನಿಸುತ್ತಾನೆ. ಬೆಲೆ ಇಳಿಸಿದರೆ ಬರುತ್ತಾನೆ, ಇಳಿಸದಿದ್ದರೆ ಇಲ್ಲ. ಖಾಲಿ ಇರುತ್ತಿದ್ದ ದಿನ ತುಂಬುತ್ತದೆ. ಟೈಮ್‌ಶೇರ್ ಸದಸ್ಯ ಇದಕ್ಕೆ ತದ್ವಿರುದ್ಧ. ಕೋಣೆಗೆ ದಶಕಗಳ ಹಣ ಮುಂಗಡವಾಗಿ ಕೊಟ್ಟು ಕೂತಿದ್ದಾನೆ, ಪಾಯಿಂಟ್ ಬಳಸದಿದ್ದರೆ ಹಾಳಾಗುತ್ತದೆ, ಮಕ್ಕಳು ಬೇರೆ ಕಾಯುತ್ತಿದ್ದಾರೆ. ರಿಯಾಯಿತಿ ಕೊಟ್ಟರೂ ಬರುತ್ತಾನೆ, ಕೊಡದಿದ್ದರೂ ಬರುತ್ತಾನೆ. ಅವನಿಗೆ 10% ಬಿಟ್ಟರೆ ಕಂಪನಿಗೆ 10% ನಷ್ಟ ಅಷ್ಟೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ಅನ್ನಿಸುವುದು ಸಹಜ. ಇದರಲ್ಲಿ ದ್ವೇಷವೇನೂ ಇಲ್ಲ, ಬರಿಯ ಲೆಕ್ಕ.

ಆದ್ದರಿಂದ ಆ ಲೆಕ್ಕವನ್ನೇ ನಿಮ್ಮ ಕಡೆಗೆ ತಿರುಗಿಸಬೇಕು. ಅಟ್ಲಾಂಟಾದಿಂದ ಆರ್ಲ್ಯಾಂಡೊ ಕಾರಿನಲ್ಲಿ ಒಂದು ಹಗಲಿನ ದಾರಿ. ಇಂಥ ದೂರದಲ್ಲಿರುವ ಸದಸ್ಯ ವರ್ಷಕ್ಕೊಮ್ಮೆ ಖಂಡಿತ ಹೋಗುತ್ತಾನೆ. ಎರಡನೇ ಸಲ ಹೋಗುವುದು ಬಿಡುವುದು ಟಿಕೆಟ್ಟಿನ ಮೇಲೆ ನಿಂತಿದೆ. ಒಂದಿಷ್ಟು ಪಾಯಿಂಟ್ ಉಳಿಸಿ ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಮೂರು ರಾತ್ರಿ ತಂಗಬಹುದು, ಆದರೆ ಟಿಕೆಟ್ ನೆನೆದು ಸುಮ್ಮನಾಗುತ್ತಾನೆ. ರಿಯಾಯಿತಿ ಕೇಳಬೇಕಾದದ್ದು ಆ ಎರಡನೇ ಪಯಣಕ್ಕೆ.

ಪತ್ರ ಬರೆಯುವುದಾದರೆ ಕ್ಲಬ್ಬಿನ ಸದಸ್ಯ ಸೇವಾ ವಿಭಾಗಕ್ಕೆ ಬರೆಯಿರಿ. ಡಿಸೆಂಬರ್‌ನಲ್ಲಿ ಮಾಲೀಕರ ಸಂಘದ ವಾರ್ಷಿಕ ಸಭೆ ನಡೆಯುತ್ತದೆ, ಆದರೆ ಅಲ್ಲಿ ಬಜೆಟ್ಟು, ದುರಸ್ತಿಯ ಮಾತು ಮಾತ್ರ. ಟಿಕೆಟ್ ಪ್ರಸ್ತಾಪಿಸಿದರೆ ‘ನಮ್ಮ ವ್ಯಾಪ್ತಿಯಲ್ಲಿಲ್ಲ’ ಎಂದು ಸರಿಯಾಗಿಯೇ ಹೇಳುತ್ತಾರೆ. ಪತ್ರ ಒಂದು ಪುಟ ದಾಟಬಾರದು. ಪಾಯಿಂಟ್ ಎಷ್ಟು, ಯಾವ ವರ್ಷದಿಂದ ಸದಸ್ಯರು, ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ತಂಗಿದಿರಿ, ಅದರಲ್ಲಿ ಎಷ್ಟು ದಿನಕ್ಕೆ ಟಿಕೆಟ್ ಕೊಂಡಿರಿ, ಎಷ್ಟು ಸಲ ಟಿಕೆಟ್ ಕೊಳ್ಳದೆ ಈಜುಕೊಳದಲ್ಲೇ ಕಳೆದಿರಿ ಅಥವಾ ಪಾಯಿಂಟನ್ನು ಬೇರೆಯವರಿಗೆ ಕೊಟ್ಟಿರಿ. ಕೊನೆಯದು ಮುಖ್ಯ, ಅದೇ ಅವರು ಕಳೆದುಕೊಂಡ ವ್ಯಾಪಾರ. ಆಮೇಲೆ ಒಂದೇ ಕೋರಿಕೆ: ಪಾಯಿಂಟ್ ಬಳಸಿ ತಂಗುವವರಿಗೆ, ಜನ ಕಡಿಮೆ ಇರುವ ತಿಂಗಳುಗಳಲ್ಲಿ, ಸೋಮವಾರದಿಂದ ಗುರುವಾರದ ಒಳಗೆ, ಮೂರರಿಂದ ಐದು ದಿನದ ಟಿಕೆಟ್ಟಿಗೆ ರಿಯಾಯಿತಿ. ‘ಮೊದಲಿನಂತೆ ಎಲ್ಲವನ್ನೂ ಮರಳಿ ಕೊಡಿ’ ಎಂದು ಬರೆದರೆ ಯಾರ ಮೇಜಿಗೂ ಹೋಗುವುದಿಲ್ಲ. ಅಂದಹಾಗೆ, ಸದಸ್ಯರಿಗೆ ಅವಧಿ ಗೊತ್ತುಮಾಡಿದ ಟಿಕೆಟ್ ಕೊಡುಗೆಗಳು ಆಗೊಮ್ಮೆ ಈಗೊಮ್ಮೆ ಬರುವುದುಂಟು. ಕೊಳ್ಳುವ ಮೊದಲು ಸದಸ್ಯರ ಖಾತೆಗೆ ಲಾಗಿನ್ ಆಗಿ ಕೊಡುಗೆಗಳ ಪುಟ ನೋಡಿ. ಲಾಗಿನ್ ಆಗದೆ ಸಾಮಾನ್ಯ ಟಿಕೆಟ್ ಪುಟದಲ್ಲಿ ಹುಡುಕಿದರೆ ಅವು ಕಣ್ಣಿಗೆ ಬೀಳುವುದಿಲ್ಲ.

ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ಡಿಸೆಂಬರ್ ಕಳೆದಿರುತ್ತದೆ. ಈಗ ಕೊಳ್ಳಬೇಕಿರುವ ಆರು ಟಿಕೆಟ್ಟಿನ ಲೆಕ್ಕ ನೋಡೋಣ. ಬೆಲೆ ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಲ್ಲಿರುವುದು ಅಂದಾಜು ಅಂಕಿ, ಕ್ರಮ ತಿಳಿಯಲಿ ಎಂದು. ನಾಲ್ಕು ದಿನದ ಟಿಕೆಟ್ ದೊಡ್ಡವರಿಗೆ 600 ಡಾಲರ್, ಮಕ್ಕಳಿಗೆ 570 ಎಂದಿಟ್ಟುಕೊಳ್ಳಿ. ಮಕ್ಕಳ ದರ 3ರಿಂದ 9 ವರ್ಷದವರಿಗೆ ಮಾತ್ರ, ನಿಮ್ಮ 11ರ ಮಗು ದೊಡ್ಡವರ ಲೆಕ್ಕ. ಐದು ದೊಡ್ಡವರದು 3,000, ಒಂದು ಮಗುವಿನದು 570, ಮೇಲೆ ಅಲ್ಲಿನ ಮಾರಾಟ ತೆರಿಗೆ 6.5%, ಹತ್ತಿರ ಹತ್ತಿರ 3,800 ಡಾಲರ್. ನೀವು ಕೇಳುತ್ತಿರುವ ರಿಯಾಯಿತಿ 10% ಎಂದರೆ 380 ಉಳಿತಾಯ.

ಈಗ ಅಪ್ಪ ಅಮ್ಮನ ಟಿಕೆಟ್ಟನ್ನು ಮಾತ್ರ ನಾಲ್ಕರಿಂದ ಎರಡು ದಿನಕ್ಕೆ ಇಳಿಸಿ. ಎರಡು ದಿನದ್ದು 340 ಎಂದುಕೊಂಡರೆ ಒಬ್ಬರಿಗೆ 260, ಇಬ್ಬರಿಗೆ 520, ತೆರಿಗೆ ಸೇರಿ 550 ಮೀರಿತು. ನೀವು ಹೋರಾಡಿ ಪಡೆಯಬೇಕೆಂದಿದ್ದ ರಿಯಾಯಿತಿಗಿಂತ ಹೆಚ್ಚು. ಒಂದೇ ಕುಟುಂಬವಾದರೂ ಎಲ್ಲರಿಗೂ ಒಂದೇ ಅಳತೆಯ ಟಿಕೆಟ್ ಕೊಳ್ಳಬೇಕೆಂದೇನೂ ಇಲ್ಲ. ಮೈಸೂರಿನಿಂದ ಬಂದ ಹಿರಿಯರು ದಿನಕ್ಕೆ ಹತ್ತು ಹನ್ನೆರಡು ಸಾವಿರ ಹೆಜ್ಜೆ ನಡೆದು ಎರಡನೇ ದಿನಕ್ಕೇ ‘ನೀವು ಹೋಗಿಬನ್ನಿ, ನಾವು ರೂಮಿನಲ್ಲೇ ಇರ್ತೀವಿ’ ಎನ್ನುತ್ತಾರೆ. ಆಗ ಅವರ ಮೂರನೇ, ನಾಲ್ಕನೇ ದಿನದ ಹಣ ವ್ಯರ್ಥ. ಟಿಕೆಟ್ ಒಬ್ಬರ ಹೆಸರಿಗೆ ಒಮ್ಮೆ ಬಳಕೆಯಾದ ಮೇಲೆ ಉಳಿದ ದಿನವನ್ನು ಇನ್ನೊಬ್ಬರು ಬಳಸುವಂತಿಲ್ಲ, ಗೇಟಿನಲ್ಲಿ ಬೆರಳು ಇಡಿಸಿಕೊಳ್ಳುತ್ತಾರೆ.

ಅವರ ಉಳಿದ ದಿನಗಳಿಗೆ ಟಿಕೆಟ್ ಬೇಡದ ಜಾಗಗಳಿವೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಕಿಡಾನಿ ವಿಲೇಜ್‌ನಲ್ಲಿ ಸನಾ ಎಂಬ ಊಟದ ಮನೆ ಇದೆ. ಆಫ್ರಿಕಾ ಮತ್ತು ಭಾರತದ ರುಚಿ ಬೆರೆತ ಅಡುಗೆ, ನಾನ್ ಮುಂತಾದ ರೊಟ್ಟಿಗಳ ಜೊತೆ ಒಂಬತ್ತು ಬಗೆಯ ಚಟ್ನಿ, ಉಪ್ಪಿನಕಾಯಿ, ಗೊಜ್ಜಿನಂಥವು ಬರುತ್ತವೆ. ಕಿಟಕಿಯಾಚೆ ಜಿರಾಫೆ, ಜೀಬ್ರಾ. ಪಾರ್ಕಿನ ಬಾಗಿಲು ದಾಟಬೇಕಿಲ್ಲ, ಊಟಕ್ಕೆ ಮುಂಗಡ ಕಾಯ್ದಿರಿಸಿದರೆ ಸಾಕು. ಅಂಗಡಿ, ಊಟದ ಮನೆಗಳ ತಾಣಗಳಾದ ಡಿಸ್ನಿ ಸ್ಪ್ರಿಂಗ್ಸ್, ಬೋರ್ಡ್‌ವಾಕ್‌ಗಳಿಗೂ ಪ್ರವೇಶ ದರವಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಪಟಾಕಿಯನ್ನು ಪಾಲಿನೇಷಿಯನ್ ರೆಸಾರ್ಟಿನ ದಡದ ಮರಳಿನಲ್ಲಿ ಕುಳಿತು ನೋಡಬಹುದು. ಬಂದಿಳಿದ ದಿನಕ್ಕೂ ಟಿಕೆಟ್ ಕೊಳ್ಳಬೇಡಿ. 2025ರಿಂದ ಡಿಸ್ನಿ ರೆಸಾರ್ಟಿನಲ್ಲಿ ತಂಗುವವರಿಗೆ ಬಂದ ದಿನ ವಾಟರ್ ಪಾರ್ಕ್ ಪ್ರವೇಶ ಉಚಿತವಾಗಿದೆ, ಈಗಲೂ ಇದೆಯೇ ನೋಡಿಕೊಳ್ಳಿ. ಡಿಸೆಂಬರ್ ಚಳಿಗೆ ದೊಡ್ಡವರು ನೀರಿಗಿಳಿಯದಿದ್ದರೂ ಮಕ್ಕಳನ್ನು ತಡೆಯುವುದು ಕಷ್ಟ.

ನಿಮಗೂ ಮಕ್ಕಳಿಗೂ ದಿನ ಹೆಚ್ಚಿಸಿದಷ್ಟೂ ದಿನದ ದರ ಇಳಿಯುತ್ತದೆ. ಮೊದಲ ಮೂರು ನಾಲ್ಕು ದಿನ ದುಬಾರಿ, ಐದನೆಯದರಿಂದ ಮುಂದೆ ಸೇರುವ ಹಣ ಮೊದಲ ದಿನಗಳ ಅರ್ಧಕ್ಕಿಂತ ಕಡಿಮೆ. ಆದರೆ ಟಿಕೆಟ್ಟಿಗೆ ಕಿಟಕಿ ಇದೆ: ನಾಲ್ಕು ದಿನದ್ದನ್ನು 7 ದಿನದೊಳಗೆ, ಐದು ದಿನದ್ದನ್ನು 8 ದಿನದೊಳಗೆ, ಹತ್ತು ದಿನದ್ದನ್ನು 14 ದಿನದೊಳಗೆ ಮುಗಿಸಬೇಕು. ಬೆಲೆ ನಿಂತಿರುವುದು ಶುರುವಿನ ದಿನದ ಮೇಲೆ. 2018ರ ಅಕ್ಟೋಬರ್‌ನಿಂದ ಈ ಪದ್ಧತಿ. ಡಿಸೆಂಬರ್‌ನ ಮೊದಲ ಎರಡು ವಾರಕ್ಕೂ ಕ್ರಿಸ್‌ಮಸ್ ವಾರಕ್ಕೂ ಅಜಗಜಾಂತರ. ಮಕ್ಕಳ ಶಾಲೆಯಿಂದ ನಾಲ್ಕು ದಿನ ರಜೆ ಹಾಕಿಸುವುದು ನಿಮಗೆ ಒಪ್ಪಿಗೆಯಾದರೆ ಟಿಕೆಟ್ಟೂ ಅಗ್ಗ, ಕೋಣೆಗೆ ಬೀಳುವ ಪಾಯಿಂಟೂ ಕಡಿಮೆ.

ಡಿಸೆಂಬರ್‌ನಲ್ಲಿ ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನವೆಂಬರ್, ಡಿಸೆಂಬರ್‌ನ ಹಲವು ರಾತ್ರಿ ಕ್ರಿಸ್‌ಮಸ್ ಪಾರ್ಟಿ, ಅದಕ್ಕೆ ಬೇರೆ ಟಿಕೆಟ್. ಆ ದಿನ ಸಾಮಾನ್ಯ ಟಿಕೆಟ್ಟಿನವರನ್ನು ಸಂಜೆ 6ಕ್ಕೆ ಹೊರಗೆ ಕಳುಹಿಸುತ್ತಾರೆ. ಅಪ್ಪ ಅಮ್ಮನಿಗೆ ಕೋಟೆಯ ಮೇಲಿನ ಪಟಾಕಿ ಒಳಗಿನಿಂದಲೇ ತೋರಿಸಬೇಕೆಂದಿದ್ದರೆ ಪಾರ್ಟಿ ಇಲ್ಲದ ದಿನವನ್ನೇ ಆರಿಸಿ. ಹಗಲಿನ ಸವಾರಿ ಸಾಕು ಎಂದಾದರೆ ಪಾರ್ಟಿ ಇರುವ ದಿನವೇ ಒಳ್ಳೆಯದು, ಜನ ಕಡಿಮೆ. ಆಯ್ದ ಕೆಲವು ಪಾರ್ಟಿ ರಾತ್ರಿಗಳಿಗೆ ಸದಸ್ಯರ ರಿಯಾಯಿತಿ ಇರುವುದೂ ಉಂಟು.

ಪಾಯಿಂಟ್ ಬಳಸಿ ತಂಗುವುದರಿಂದ ನಿಮಗೆ ಆಗಲೇ ಸಿಗುತ್ತಿರುವ, ಹಣವಾಗಿ ಎಣಿಸದ ಕೆಲವು ಅನುಕೂಲಗಳಿವೆ. ಎಲ್ಲ ಪಾರ್ಕಿಗೂ ದಿನಾ ಅರ್ಧ ಗಂಟೆ ಮೊದಲು ಪ್ರವೇಶ. ಕ್ಲಬ್ಬಿನ ಕೋಣೆಗಳು ಡೀಲಕ್ಸ್ ವಿಲ್ಲಾ ದರ್ಜೆಯವಾದ್ದರಿಂದ ಆಯ್ದ ರಾತ್ರಿ ಪಾರ್ಕಿನಲ್ಲಿ ಎರಡು ಗಂಟೆ ಹೆಚ್ಚು ಹೊತ್ತು. ಲೈಟ್ನಿಂಗ್ ಲೇನನ್ನು ತಂಗುವ ದಿನಕ್ಕೆ 7 ದಿನ ಮೊದಲೇ ಕೊಳ್ಳುವ ಅವಕಾಶ, ಹೊರಗಿನವರಿಗೆ ಅದು 3 ದಿನ. ಬೆಳಗಿನ ಅರ್ಧ ಗಂಟೆಯನ್ನೂ ರಾತ್ರಿಯ ಎರಡು ಗಂಟೆಯನ್ನೂ ಸರಿಯಾಗಿ ಬಳಸಿದರೆ ಐದು ದಿನದ ಕೆಲಸ ನಾಲ್ಕು ದಿನಕ್ಕೆ ಆಗುತ್ತದೆ.

ವರ್ಷದ ಪಾಸಿನ ವಿಷಯ. ಫ್ಲಾರಿಡಾ ನಿವಾಸಿಗಳಿಗೂ ಕ್ಲಬ್ ಸದಸ್ಯರಿಗೂ ಮಾತ್ರ ಸಿಗುವ ಸಾರ್ಸರರ್ ಪಾಸ್ 2021ರಲ್ಲಿ 899 ಡಾಲರಿಗೆ ಬಂತು, ಈಗ ಸಾವಿರ ದಾಟಿದೆ. ಟಿಕೆಟ್ ರಿಯಾಯಿತಿಗೆ ತೀರ ಹತ್ತಿರದ್ದು ಎಂದರೆ ಇದೇ. 1,100 ಎಂದಿಟ್ಟುಕೊಂಡು ನೋಡಿ. ಹನ್ನೆರಡು ತಿಂಗಳಲ್ಲಿ ನಾಲ್ಕು ನಾಲ್ಕು ದಿನದ ಎರಡು ಪಯಣ ಮಾಡಿದರೆ ಟಿಕೆಟ್ಟಿಗೆ 1,200. ದೊಡ್ಡವರಿಗೆ ತಲಾ 100 ಉಳಿಯಿತು. ಮಕ್ಕಳ ಪಾಸಿಗೆ ಬೇರೆ ದರವಿಲ್ಲ, ಆದ್ದರಿಂದ 6ರ ಮಗುವಿಗೆ ಉಳಿಯುವುದು ಬರೀ 40. ಮೂರನೇ ಪಯಣ ಇದ್ದರೆ ಮಾತ್ರ ಕಣ್ಣು ಮುಚ್ಚಿ ಕೊಳ್ಳಿ. ಪಾಸಿನ ಜೊತೆ ಬರುವ ಪಾರ್ಕಿಂಗ್ ಸೌಲಭ್ಯವನ್ನು ಲೆಕ್ಕಕ್ಕೆ ಹಿಡಿಯಬೇಡಿ, ರೆಸಾರ್ಟಿನಲ್ಲಿ ತಂಗುವವರಿಗೆ ಅದು ಹೇಗೂ ಪುಕ್ಕಟೆ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ಸುತ್ತ ಈ ಪಾಸ್ ನಡೆಯುವುದಿಲ್ಲ. ಇನ್ನೊಂದು, ಇಲ್ಲೇ ಬಹಳ ಜನ ಮುಗ್ಗರಿಸುವುದು: ಸದಸ್ಯರ ಜೊತೆ ಒಂದೇ ಮನೆಯಲ್ಲಿ ವಾಸಿಸುವ ಕುಟುಂಬದವರಿಗೆ ಮಾತ್ರ ಇದು ಸಿಗುತ್ತದೆ, ವಿಳಾಸದ ಪುರಾವೆ ಕೇಳುತ್ತಾರೆ. ಸಂದರ್ಶಕ ವೀಸಾದಲ್ಲಿ ಆರು ತಿಂಗಳು ನಿಮ್ಮ ಮನೆಯಲ್ಲೇ ಇದ್ದರೂ ಮೈಸೂರಿನ ವಿಳಾಸದ ಅಪ್ಪ ಅಮ್ಮನಿಗೆ ಅದನ್ನು ನಂಬಿ ಯೋಜನೆ ಹಾಕಬೇಡಿ.

ಪಾಸ್ ಬೇಕೋ ಬೇಡವೋ ತೀರ್ಮಾನವಾಗದಿದ್ದರೆ ಈಗ ದಿನದ ಟಿಕೆಟ್ಟನ್ನೇ ಕೊಳ್ಳಿ. ಅದರ ಅವಧಿ ಮುಗಿಯುವ ಮೊದಲು ಪಾರ್ಕಿನ ಅತಿಥಿ ಸೇವಾ ಕೌಂಟರಿಗೆ ಹೋದರೆ ಕಟ್ಟಿದ ಹಣವನ್ನು ಪಾಸಿಗೆ ಹೊಂದಿಸುತ್ತಾರೆ, ಆ ಹೊತ್ತಿನಲ್ಲಿ ಪಾಸ್ ಮಾರಾಟದಲ್ಲಿರಬೇಕು ಅಷ್ಟೆ. 2021ರ ನವೆಂಬರ್‌ನಲ್ಲಿ ನಿಲ್ಲಿಸಿದ ಮಾರಾಟ ಮತ್ತೆ ತೆರೆದದ್ದು 2023ರ ಏಪ್ರಿಲ್‌ನಲ್ಲಿ.

ರಿಯಾಯಿತಿಯ ಆಸೆಗೆ ಇನ್ನಷ್ಟು ಪಾಯಿಂಟನ್ನು ಕಂಪನಿಯಿಂದಲೇ ಕೊಳ್ಳುವ ಯೋಚನೆ ಬಂದರೆ ಒಂದು ಭಾಗಾಕಾರ ಮಾಡಿ. ಹೊರಗಿನ ಮಾರುಕಟ್ಟೆಗಿಂತ ಪಾಯಿಂಟಿಗೆ 80 ಡಾಲರ್ ಹೆಚ್ಚು ಕೊಟ್ಟು 150 ಕೊಂಡರೆ ಹೆಚ್ಚುವರಿ 12,000. ವರ್ಷಕ್ಕೆ 380 ಉಳಿಸಿದರೆ ಅದನ್ನು ತೀರಿಸಲು 31 ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಎಷ್ಟೋ ರೆಸಾರ್ಟ್‌ಗಳ ಅವಧಿಯೇ ಮುಗಿದಿರುತ್ತದೆ. ಆಗಲೇ ಸಹಿ ಹಾಕಿ ಮನಸ್ಸು ಬದಲಾದರೆ ಫ್ಲಾರಿಡಾದಲ್ಲಿ 10 ದಿನದೊಳಗೆ ಲಿಖಿತವಾಗಿ ರದ್ದು ಮಾಡುವ ಹಕ್ಕಿದೆ.

ಟಿಕೆಟ್ ಎಲ್ಲಿ ಕೊಳ್ಳಬೇಕು? ಡಿಸ್ನಿಯ ತಾಣದಲ್ಲಿ ಕಾಣುವ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಅಧಿಕೃತ ಮರುಮಾರಾಟಗಾರರಲ್ಲಿ ಕೆಲವರು ತೆರಿಗೆ ಸೇರಿಸಿಯೇ ತೋರಿಸುತ್ತಾರೆ. ಎರಡನ್ನೂ ಕೊನೆಯ ಪುಟದವರೆಗೆ ತಂದು ಹೋಲಿಸಿ. ನಿಮ್ಮ ಕಂಪನಿಯ ಉದ್ಯೋಗಿ ಸವಲತ್ತಿನ ಪೋರ್ಟಲ್ಲನ್ನೂ ನೋಡಿ. ಉಳಿತಾಯ ಪ್ರತಿ ಟಿಕೆಟ್ಟಿಗೆ ಹೆಚ್ಚೇನೂ ಇರುವುದಿಲ್ಲ, ಆರು ಟಿಕೆಟ್ಟಿಗೆ ಒಂದು ದಿನದ ಊಟದ ಖರ್ಚು ಹುಟ್ಟಿದರೆ ಸಂತೋಷ. ಕಿಸಿಮ್ಮಿಯ 192ನೇ ಹೆದ್ದಾರಿಯ ಬದಿಯಲ್ಲಿ ‘ಅರ್ಧ ಬೆಲೆಗೆ ಟಿಕೆಟ್’ ಎಂಬ ಬೂತುಗಳು ಸಾಲಾಗಿವೆ. ಅವುಗಳಲ್ಲಿ ಅನೇಕದರ ಹಿಂದೆ ಇನ್ನೊಂದು ಟೈಮ್‌ಶೇರ್ ಮಾರುವವರ ಅರ್ಧ ದಿನದ ಭಾಷಣವಿದೆ. ಒಂದಿರುವುದೇ ಸಾಕು ನಿಮಗೆ. ಅರ್ಧ ಬಳಸಿದ ಟಿಕೆಟ್ ಮಾರುವವರ ಹತ್ತಿರ ಹೋಗಲೇಬೇಡಿ, ಗೇಟಿನಲ್ಲಿ ನಡೆಯುವುದಿಲ್ಲ. ಪಯಣವೇ ತಪ್ಪಿದರೆ ಒಂದು ದಿನವೂ ಬಳಸದ ಸಾಮಾನ್ಯ ಟಿಕೆಟ್ಟಿನ ಹಣವನ್ನು ಮುಂದೆ ಅಷ್ಟೇ ಅಥವಾ ಹೆಚ್ಚು ಬೆಲೆಯ ಟಿಕೆಟ್ಟಿಗೆ ಹೊಂದಿಸಿಕೊಳ್ಳಬಹುದು. ಒಂದು ದಿನ ಬಳಸಿ ಬಿಟ್ಟ ಟಿಕೆಟ್ಟಿನ ಉಳಿದ ದಿನಗಳಿಗೆ ಆ ದಾರಿ ಇಲ್ಲ.

ಕೊಂಡ ಕೂಡಲೇ ಪ್ರತಿ ಟಿಕೆಟ್ಟನ್ನೂ ಆ್ಯಪ್‌ನಲ್ಲಿ ಒಬ್ಬೊಬ್ಬರ ಹೆಸರಿಗೆ ಜೋಡಿಸಿ. ಎರಡು ದಿನದ್ದೂ ನಾಲ್ಕು ದಿನದ್ದೂ ಬೆರೆತಿರುವುದರಿಂದ ಅಜ್ಜನ ಟಿಕೆಟ್ ಮೊಮ್ಮಗುವಿಗೆ ಅಂಟಿಕೊಳ್ಳುವುದು ಸುಲಭ, ಮೊದಲ ದಿನ ಗೇಟು ದಾಟಿದ ಮೇಲೆ ಅದನ್ನು ಬಿಡಿಸಲು ಅತಿಥಿ ಸೇವೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅಪ್ಪ ಅಮ್ಮನ ಹೆಸರನ್ನು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರೆಯಿರಿ, ಇನಿಶಿಯಲ್ ಇದ್ದರೆ ವಿಸ್ತರಿಸಿ ಬರೆಯಿರಿ. ವಯಸ್ಸಿನ ಕಾರಣಕ್ಕೆ ನಡೆಯಲು ಕಷ್ಟವಾದರೆ ಗಾಲಿಕುರ್ಚಿ ಬಾಡಿಗೆ ಪಾರ್ಕಿನ ಬಾಗಿಲಲ್ಲೇ ಸಿಗುತ್ತದೆ, ಬೆಳಗ್ಗೆಯೇ ತೆಗೆದುಕೊಳ್ಳಿ.